ಕಳ್ಳ ಹೂಂ

ನಿದ್ದೆಯನ್ನು ಇನ್ನೂ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹಂಚುತ್ತಿದ್ದ ಕಾಲದಲ್ಲಿ ಒಬ್ಬಳು ಮುದುಕಿ ಇದ್ದಳು. ಅವಳ ಬುಟ್ಟಿಯಲ್ಲಿ ಮಕ್ಕಳಿಗೆ ಬೇರೆ ನಿದ್ದೆ, ವಯಸ್ಸಾದವರಿಗೆ ಬೇರೆ ನಿದ್ದೆ, ಹಲ್ಲುನೋವಿನವರಿಗೇ ಅಂತ ಒಂದು ಗಟ್ಟಿ ನಿದ್ದೆ. ಒಂದು ಚಿಟಿಕೆ ತೆಗೆದು ರೆಪ್ಪೆಗೆ ಸವರಿದರೆ ಎಂಥ ಹಟಮಾರಿಯೂ ಕತ್ತು ವಾಲಿಸುತ್ತಿದ್ದ. ಆದರೆ ಮುದುಕಿಯದೊಂದು ಕಟ್ಟಳೆ ಇತ್ತು. ಮಲಗಿದವರ ತಲೆಯ ಹತ್ತಿರ ಯಾರಾದರೂ ಒಬ್ಬರು ಕೂತು ಅವರ ಬದಲಿಗೆ ಹೂಂ, ಹೂಂ ಅನ್ನುತ್ತಿರಬೇಕು. ಯಾಕೆಂದರೆ ಜೀವ ಕಥೆ ಹೇಳುವವಳ ಹಾಗೆ. ಕೇಳುವವರು ಹೂಂ ಅನ್ನುವ ತನಕ ಹೇಳುತ್ತಲೇ ಇರುತ್ತದೆ. ಹೂಂ ನಿಂತುಹೋದರೆ, ಓ, ಮಲಗಿಬಿಟ್ಟರು, ಇನ್ನು ನನಗಿಲ್ಲೇನು ಕೆಲಸ ಅಂದುಕೊಂಡು ಸೆರಗು ಕೊಡವಿ ಎದ್ದು ಹೋಗುತ್ತದೆ. ಒಂದು ದಿನ ರಾಜನ ಮಗಳ ಕಾಲಿಗೆ ಮುಳ್ಳು ಮುರಿಯಿತು. ಮುಟ್ಟಿದರೆ ಕಿರುಚುತ್ತಾಳೆ. ಮುದುಕಿಗೆ ಕರೆ ಹೋಯಿತು. ಮುದುಕಿ ಬಂದಳು, ಮಲಗಿಸಿದಳು. ಹೂಂಗುಟ್ಟುವುದಕ್ಕೆ ಒಬ್ಬರು ಸಾಕು ಅಂದರೆ ಅರಮನೆಗೆ ಅರಮನೆಯೇ ಬಂದು ಕೂತಿತು. ಮಂತ್ರಿ, ಸೇನಾಪತಿ, ದಾಸಿಯರು ಎಲ್ಲರೂ ಒಬ್ಬರಿಗಿಂತ ಒಬ್ಬರು ಜೋರಾಗಿ ಹೂಂ ಅಂದರು. ಆದರೆ ಅವರಲ್ಲಿ ಒಬ್ಬರೂ ಕಥೆ ಕೇಳಿಸಿಕೊಳ್ಳುತ್ತಿರಲಿಲ್ಲ.

ಕಥೆ ಇಲ್ಲಿಗೆ ಬರುವ ಹೊತ್ತಿಗೆ ಅಜ್ಜಿಗೇ ನಿದ್ದೆ ಬಂದುಬಿಡುತ್ತಿತ್ತು. ಮುಂದೆ ಏನಾಯಿತು ಅನ್ನುವುದು ಪಕ್ಕದಲ್ಲಿ ಮಲಗುತ್ತಿದ್ದ ಮೊಮ್ಮಗಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಅವಳು ದೊಡ್ಡವಳಾಗಿ, ಡಾಕ್ಟರಾಗಿ, ಜನರನ್ನು ಮಲಗಿಸಿ ಎಬ್ಬಿಸುವ ವಿದ್ಯೆಯನ್ನೇ ಕಲಿತು, ಆಮೇಲೆ ಆ ವಿದ್ಯೆಯ ಬಗ್ಗೆ ಭಾಷಣ ಮಾಡುವುದಕ್ಕೆ ದೇಶ ದೇಶ ತಿರುಗಿ, ಈಗ ಯಾವುದೋ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ತನ್ನ ಕಾಲಿಗಿಂತ ದೊಡ್ಡದಾದ ರಬ್ಬರು ಚಪ್ಪಲಿಯೊಳಗೆ ಪಾದ ತೂರಿಸಿ ನಿಂತಿದ್ದಳು. ಚಪ್ಪಲಿಯ ಹಿಮ್ಮಡಿಯಲ್ಲಿ ಬೇರೆ ಯಾರದೋ ಹೆಸರು. ಗೋಡೆಯ ಕನ್ನಡಿಯಲ್ಲಿ ಹಸಿರು ಟೋಪಿ ಹಾಕಿಕೊಂಡ ಮುಖ ಒಂದು ಕ್ಷಣ ಪೇಷಂಟಿನ ಮುಖದ ಹಾಗೆ ಕಂಡಿತು. ಇಲ್ಲಿ ಅವಳಿಗೆ ಕೆಲಸವಿಲ್ಲ. ಒಳಗೆ ಬಿಟ್ಟಿದ್ದೇ ದೊಡ್ಡದು. ಇಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಒಂದು ಕಾಲಕ್ಕೆ ಅವಳ ಕೈಕೆಳಗೆ ಕಲಿತ ಹುಡುಗಿ. ಅವಳ ಮುಲಾಜಿಗೆ ಸರ್ಜನ್ ಒಪ್ಪಿದ್ದರು. ಸ್ವಂತದವರಿಗೆ ಸ್ವಂತ ಕೈಯಿಂದ ಅರಿವಳಿಕೆ ಕೊಡಬಾರದು, ಕೈ ನಡುಗದಿದ್ದರೂ ಬುದ್ಧಿ ನಡುಗುತ್ತದೆ ಅಂತ ಎಷ್ಟು ಊರುಗಳಲ್ಲಿ ಹೇಳಿಕೊಂಡು ಬಂದಿದ್ದಳೋ. ಹೇಳಿದ ಮಾತು ಈಗ ಬಾಗಿಲಲ್ಲಿ ಅಡ್ಡ ನಿಂತು, ಮೂಲೆಯ ಸ್ಟೂಲ್ ತೋರಿಸಿತ್ತು.

ಒಳಗೆ ಹೋಗಬೇಕಾಗಿದ್ದವಳು ಚಿಕ್ಕಮ್ಮ. ಅಮ್ಮನ ಕೊನೇ ತಂಗಿ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಅವಳಿಗೆ ಅರ್ಧ ಅಮ್ಮ, ಅರ್ಧ ಅಕ್ಕ. ಗರ್ಭಕೋಶ ತೆಗೆಯಬೇಕು ಅಂದಿದ್ದರು, ಹೊಟ್ಟೆಗೆ ಸಣ್ಣ ತೂತು ಮಾಡಿ, ಗಾಳಿ ತುಂಬಿ, ಕ್ಯಾಮೆರಾ ಇಳಿಸಿ. ದೊಡ್ಡ ಆಪರೇಷನ್ ಏನಲ್ಲ. ಆದರೆ ಬೆಳಿಗ್ಗೆ ವಾರ್ಡಿನಲ್ಲಿ, ಬೆನ್ನ ಹಿಂದೆ ದಾರ ಕಟ್ಟುವ ಆ ನಿಲುವಂಗಿಯಲ್ಲಿ ಕುಗ್ಗಿ ಕೂತ ಚಿಕ್ಕಮ್ಮ ಸರ್ಜನ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವಳ ಚಿಂತೆಯೆಲ್ಲ ನಿದ್ದೆಯದು.

"ಮಲಗಿಸೋದು ಯಾರು ಬೇಕಾದ್ರೂ ಮಲಗಿಸ್ಲಿ. ಎಬ್ಬಿಸೋದು ಮಾತ್ರ ನೀನು," ಅಂದಳು ಚಿಕ್ಕಮ್ಮ. "ಬೇರೆಯವರು ಕರೆದ್ರೆ ನಾನು ಏಳಲ್ಲ. ಈಗ್ಲೇ ಹೇಳಿದೀನಿ."

"ಮನೇಲಿ ನಾನು ಕರೆದ್ರೆ ಯಾವತ್ತು ಎದ್ದಿದ್ದಾಳೆ ಕೇಳು," ಅಂದರು ಚಿಕ್ಕಪ್ಪ, ಫ್ಲಾಸ್ಕಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತ. ಅದನ್ನೇ ಅವರು ಬೆಳಿಗ್ಗೆಯಿಂದ ಮಾಡುತ್ತಿದ್ದರು.

"ನೀವು ಸುಮ್ನಿರಿ. ಏನೇ ತೂಕಡಿಕೆ, ಮಾತು ಕೊಡ್ತೀಯೋ ಇಲ್ವೋ?"

"ಕೊಟ್ಟೆ ಚಿಕ್ಕಮ್ಮ."

"ಕಳ್ಳ ಹೂಂ ಅಲ್ಲ ತಾನೇ?"

ಅವಳು ನಕ್ಕಳು. ತೂಕಡಿಕೆ ಅಂತ ಹೆಸರಿಟ್ಟವಳೇ ಚಿಕ್ಕಮ್ಮ. ಅಜ್ಜಿಯ ಎಡಕ್ಕೆ ಅವಳು, ಬಲಕ್ಕೆ ಚಿಕ್ಕಮ್ಮ. ಕಥೆ ಶುರುವಾದ ಸ್ವಲ್ಪ ಹೊತ್ತಿಗೇ ಅವಳ ಕಣ್ಣು ಎಳೆಯುತ್ತಿತ್ತು. ಹೂಂ ನಿಂತರೆ ಅಜ್ಜಿ ಕಥೆ ನಿಲ್ಲಿಸುತ್ತಾಳಲ್ಲ, ಅದಕ್ಕೆ ಚಿಕ್ಕಮ್ಮ ಬಲಗಡೆಯಿಂದ ತನ್ನದೊಂದು ಹೂಂ, ಗಂಟಲು ಸಣ್ಣ ಮಾಡಿ ಎಡಗಡೆಯ ಹೂಂ ಇನ್ನೊಂದು, ಎರಡನ್ನೂ ತಾನೇ ಹೇಳುತ್ತಿದ್ದಳಂತೆ. ಅಜ್ಜಿಯೇನು ಕಡಿಮೆಯವಳಲ್ಲ. ಅನುಮಾನ ಬಂದರೆ ಕಥೆಯ ನಡುವೆ ಸುಮ್ಮನೆ ಒಂದು ತಪ್ಪು ತೂರಿಸುತ್ತಿದ್ದಳು. ಆಮೇಲೆ ರಾಜ ತನ್ನ ಬಾಲ ಮಡಚಿಕೊಂಡು ಸಿಂಹಾಸನದ ಮೇಲೆ ಕೂತ. ಕೇಳುತ್ತಿದ್ದವರು, ಅಜ್ಜೀ, ರಾಜನಿಗೆ ಎಲ್ಲಿ ಬಾಲ, ಅಂತ ಎದ್ದು ಕೂರುತ್ತಿದ್ದರು. ಕೇಳದಿದ್ದವರು, ಹೂಂ. ಆಗ ಅಜ್ಜಿ ಕತ್ತಲಲ್ಲೇ ತೊಡೆಗೆ ಚಿವುಟಿ, ಇದು ಕಳ್ಳ ಹೂಂ, ಅನ್ನುತ್ತಿದ್ದಳು. ಕಳ್ಳ ನಿದ್ದೆಯಾದರೂ ಪರವಾಗಿಲ್ಲ, ಮಗ, ಕಳ್ಳ ಹೂಂ ಇದೆಯಲ್ಲ, ಅದು ಕೇಡು.

ಚಿಕ್ಕಮ್ಮನನ್ನು ಟೇಬಲ್ ಮೇಲೆ ಮಲಗಿಸಿದರು. ಥಿಯೇಟರಿನ ಥಂಡಿ ಎಲ್ಲ ಕಡೆಯೂ ಒಂದೇ ಥರ, ಎಲ್ಲ ದೇಶದಲ್ಲೂ ಅದೇ ವಾಸನೆ. ವಿಮಾನ ಇಳಿದು, ಸಹಿ ಮಾಡಿ, ಕೈಕುಲುಕಿ, ಹಸಿರು ಬಟ್ಟೆ ತೊಟ್ಟು ಒಳಗೆ ಬಂದರೆ ಎಲ್ಲಿ ಬಂದೆ ಅನ್ನುವುದೇ ಮರೆತುಹೋಗುತ್ತಿತ್ತು ಅವಳಿಗೆ. ಚಾಕು ಹಾಕುವ ಮೊದಲು ಎಲ್ಲರೂ ಒಂದು ನಿಮಿಷ ಕೈ ನಿಲ್ಲಿಸಿ, ತಾವು ಯಾರು, ಮಲಗಿರುವವರು ಯಾರು, ಯಾವ ಆಪರೇಷನ್, ಏನು ತೊಂದರೆ ಆಗಬಹುದು ಅಂತ ಬಾಯಿಬಿಟ್ಟು ಹೇಳಬೇಕು. ಇದನ್ನು ಜನರಿಗೆ ರೂಢಿ ಮಾಡಿಸುವುದರಲ್ಲೇ ಅವಳ ಅರ್ಧ ಆಯಸ್ಸು ಹೋಗಿತ್ತು. ಇಲ್ಲೂ ನಡೆಯಿತು. ನರ್ಸಮ್ಮ ಗೋಡೆಯ ಮೇಲಿನ ಹಲಗೆ ನೋಡಿಕೊಂಡು ಒಂದೇ ಉಸಿರಿನಲ್ಲಿ ಓದಿದರು, ಬಸ್ಸಿನಲ್ಲಿ ಸ್ಟಾಪುಗಳ ಹೆಸರು ಕೂಗುವ ಹಾಗೆ. ಅಲರ್ಜಿ? ಇಲ್ಲ, ಹೂಂ. ರಕ್ತ ಸಿದ್ಧ ಇದೆಯಾ? ಹೂಂ. ಯಂತ್ರ ನೋಡಿದ್ದಾಯ್ತಾ? ಹೂಂ, ಹೂಂ, ಮುಂದೆ. ಸರ್ಜನ್ ಅಷ್ಟು ಹೊತ್ತಿಗೆ ಕೈಗವಸಿನ ಬೆರಳು ಎಳೆದುಕೊಳ್ಳುತ್ತ ಪಕ್ಕದವರಿಗೆ ಕಾರು ಸರ್ವಿಸಿಗೆ ಬಿಟ್ಟ ಕಥೆ ಹೇಳುತ್ತಿದ್ದರು. ಹೆಸರು ಹೇಳುವ ಸರದಿ ಸುತ್ತಿ ಸ್ಟೂಲಿನ ತನಕ ಬಂತು. ಎಲ್ಲರೂ ಅವಳ ಕಡೆ ನೋಡಿದರು.

"ನಾನು," ಅಂದಳು. ಎಷ್ಟು ವೇದಿಕೆಗಳ ಮೇಲೆ ಯಾರು ಯಾರೋ ಅವಳ ಪರಿಚಯವನ್ನು ಉದ್ದಕ್ಕೆ ಹೇಳಿದ್ದರು. "ನಾನು ಪೇಷಂಟ್ ಕಡೆಯವಳು."

ಯಾರೋ ಮಾಸ್ಕಿನೊಳಗೆ ನಕ್ಕರು. ಅವಳಿಗೆ ಹಿಂದೊಮ್ಮೆ ನೋಡಿದ್ದ ಒಂದು ಖಾಲಿ ಟೇಬಲ್ ನೆನಪಾಯಿತು. ದೂರದ ಒಂದು ದೇಶ, ರಸ್ತೆ ಮುಗಿದ ಮೇಲೂ ಇನ್ನಷ್ಟು ದೂರ ಹೋಗಬೇಕಾದ ಆಸ್ಪತ್ರೆ. ಅವಳ ಸಂಸ್ಥೆಯವರು ಆಕ್ಸಿಜನ್ ಅಳೆಯುವ ಪುಟ್ಟ ಯಂತ್ರ ಕಳಿಸಿಕೊಟ್ಟಿದ್ದರು, ಬೆರಳಿಗೆ ಕ್ಲಿಪ್ ಹಾಕಿದರೆ ಬಡಿತಕ್ಕೊಂದು ಸದ್ದು ಮಾಡುವಂಥದು. ಅವಳು ನೋಡಬೇಕು ಅಂದಾಗ ದೊಡ್ಡ ನರ್ಸು ಬೀಗದ ಕೈ ತಂದು, ಬೀರು ತೆಗೆದು, ಹೂವಿನ ಕಸೂತಿಯ ಬಟ್ಟೆ ಮುಚ್ಚಿ ಇಟ್ಟಿದ್ದ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಿದ್ದಳು. ಹಾಳಾಗಬಾರದಲ್ಲ, ಅಂದಿದ್ದಳು, ಹೆಮ್ಮೆಯಿಂದ. ಆಮೇಲೆ ಎಲ್ಲರೂ ಟೇಬಲ್ ಸುತ್ತ ಸಾಲಾಗಿ ನಿಂತು ಅವಳಿಗೋಸ್ಕರ ಆ ಪ್ರಶ್ನೋತ್ತರವನ್ನು ಸ್ಕೂಲಿನ ಪ್ರಾರ್ಥನೆಯ ಹಾಗೆ ಒಕ್ಕೊರಲಿನಿಂದ ಹೇಳಿದ್ದರು. ರಾಗವೂ ಇತ್ತು. ಟೇಬಲ್ ಮೇಲೆ ಪೇಷಂಟೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಅವರು ಅವಳ ಮುಖ ನೋಡಿದರು, ಅವಳು ಚಪ್ಪಾಳೆ ತಟ್ಟಿದಳು, ಅವರೂ ತಟ್ಟಿದರು, ಫೋಟೋ ಆಯಿತು. ವಾಪಸು ಬರುವಾಗ ಜೀಪು ಕುಲುಕಿದಷ್ಟೂ ಸಲ ಒಂದೇ ಯೋಚನೆ: ಲೋಕಕ್ಕೆಲ್ಲ ತಿರುಗಿ ತಾನು ಕಲಿಸಿದ್ದು ಏನು? ಹೂಂ ಅನ್ನುವುದನ್ನೋ, ಕೇಳುವುದನ್ನೋ?

"ಅಮ್ಮಾ, ಈಗ ಮಾಸ್ಕ್ ಇಡ್ತೀನಿ, ನಿಧಾನಕ್ಕೆ ಉಸಿರಾಡಿ," ಅಂದಳು ಶಿಷ್ಯೆ. ಒಳ್ಳೆಯ ಧ್ವನಿ, ಅವಸರವಿಲ್ಲ. "ಏನಾದ್ರೂ ಮಾತಾಡ್ತಾ ಇರಿ ನನ್ ಹತ್ರ."

"ಅವಳೆಲ್ಲಿ?" ಅಂದಳು ಚಿಕ್ಕಮ್ಮ ಮಾಸ್ಕಿನ ಒಳಗಿನಿಂದ.

"ಇಲ್ಲೇ ಇದೀನಿ."

"ಎಲ್ಲೂ ಹೋಗ್ಬೇಡ್ವೇ. ನೀನು ಮಲ್ಕೊಂಡ್ಬಿಟ್ರೆ..." ವಾಕ್ಯ ಅರ್ಧಕ್ಕೆ ಮೆತ್ತಗಾಯಿತು, ಬಟ್ಟೆಯೊಳಗೆ ಗಂಟು ಕಳಚಿದ ಹಾಗೆ. ಔಷಧ ಕೈಯ ನರದಲ್ಲಿ ಹತ್ತಿದ್ದು ಸ್ಟೂಲಿನಿಂದಲೇ ಗೊತ್ತಾಯಿತು. ಶಿಷ್ಯೆ ಕತ್ತು ಎತ್ತಿ, ಬಾಯಿಯೊಳಗೆ ಟ್ಯೂಬ್ ಇಳಿಸಿದಳು, ಎದೆಯ ಎರಡೂ ಕಡೆ ಸ್ಟೆತಾಸ್ಕೋಪು ಇಟ್ಟು ಕೇಳಿದಳು, ಟ್ಯೂಬಿಗೆ ತುಟಿಯ ಹತ್ತಿರ ಪಟ್ಟಿ ಅಂಟಿಸಿದಳು. ಚೆನ್ನಾಗಿತ್ತು. ತಾನಾಗಿದ್ದರೆ ಇಷ್ಟು ಸಲೀಸಾಗಿ ಆಗುತ್ತಿತ್ತೇ ಅಂತ ಅವಳ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಸುಕಿಕೊಂಡವು. ಹೋದ ಸಲದ ಸಮ್ಮೇಳನದಲ್ಲಿ ಹಿಂದಿನ ಸಾಲಿನ ಒಬ್ಬ ಡಾಕ್ಟರು ಎದ್ದು ಬಹಳ ಮರ್ಯಾದೆಯಿಂದ ಕೇಳಿದ್ದರು, ಮೇಡಂ, ನೀವು ಸ್ವತಃ ಒಬ್ಬ ಪೇಷಂಟನ್ನ ಮಲಗಿಸಿ ಎಷ್ಟು ದಿನ ಆಯ್ತು? ಸಭೆ ನಕ್ಕಿತ್ತು. ಅವಳೂ ನಕ್ಕಿದ್ದಳು. ಉತ್ತರ ಕೊಡುವ ಮೊದಲೇ ಟೀ ವಿರಾಮ ಅಂದಿದ್ದರು, ಪುಣ್ಯಕ್ಕೆ.

ಮಾನಿಟರ್ ಸದ್ದು ಶುರು ಮಾಡಿತು. ಕ್ಲಿಪ್ ಹಾಕಿದ ಬೆರಳಿನಿಂದ ಬಡಿತಕ್ಕೊಂದು ಸಣ್ಣ, ದುಂಡಗಿನ ಸದ್ದು. ರಕ್ತದಲ್ಲಿ ಆಕ್ಸಿಜನ್ ತುಂಬಿದ್ದರೆ ಸ್ವರ ಎತ್ತರದಲ್ಲಿರುತ್ತದೆ. ಇಳಿದರೆ ಸ್ವರವೂ ಇಳಿಯುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. ನೋಡಬೇಕಾಗಿಯೇ ಇಲ್ಲ, ಕೇಳಿದರೆ ಸಾಕು. ಕಲಿಯುವ ದಿನಗಳಲ್ಲಿ ಮೊದಲ ಸಲ ಇದನ್ನು ಕೇಳಿದಾಗ ಅವಳಿಗೆ ಮೈ ಜುಂ ಅಂದಿತ್ತು. ಅಜ್ಜಿ ಹೇಳಿದ್ದು ಇದನ್ನೇ. ಮಲಗಿದವರ ಬದಲಿಗೆ ಹೂಂಗುಟ್ಟುವವಳು. ಯಾರಿಗೂ ಹೇಳಿರಲಿಲ್ಲ, ಹುಚ್ಚಿ ಅಂದಾರು ಅಂತ. ಆದರೆ ಅವತ್ತಿನಿಂದ ಎಷ್ಟು ಜನರ ತಲೆದೆಸೆಯಲ್ಲಿ ಕೂತಿದ್ದಳೋ ಅಷ್ಟೂ ಜನರ ಹೂಂ ಅವಳ ಕಿವಿಯಲ್ಲಿತ್ತು.

"ಆ ಕೂಗುಮಾರೀನ ಸ್ವಲ್ಪ ಸುಮ್ಮನಿರಿಸಿ," ಅಂದರು ಸರ್ಜನ್. "ಬೆಳಿಗ್ಗೆಯಿಂದ ತಲೆ ಕುಕ್ತಾ ಇದೆ. ನನ್ ಯೋಚನೆ ನನಗೇ ಕೇಳಿಸ್ತಿಲ್ಲ."

ಶಿಷ್ಯೆಯ ಕೈ ಗುಂಡಿಯ ಮೇಲೆ ಹೋಗಿ ನಿಂತಿತು. ಅವಳು ತಿರುಗಿ ಸ್ಟೂಲಿನ ಕಡೆ ನೋಡಿದಳು. ನೋಡಿದ್ದು ಒಂದು ಕ್ಷಣ. ಏನು ಮಾಡಲಿ ಮೇಡಂ ಅಂತ ಕಣ್ಣು ಕೇಳಿತು. ಈ ಸದ್ದನ್ನು ಯಾರೇ ಹೇಳಿದರೂ ಕಮ್ಮಿ ಮಾಡಬೇಡಿ ಅಂತ ಇದೇ ಹುಡುಗಿಗೆ ಅವಳು ಗದರಿ ಹೇಳಿದ್ದಳು. ಆದರೆ ಈಗ ಅವಳು ಅತಿಥಿ. ಸರ್ಜನ್ ದೊಡ್ಡ ಮನಸ್ಸು ಮಾಡಿ ಒಳಗೆ ಬಿಟ್ಟವರು. ಚಾಕು ಇರುವುದು ಅವರ ಕೈಯಲ್ಲಿ, ಚಾಕುವಿನ ಕೆಳಗೆ ಇರುವುದು ಚಿಕ್ಕಮ್ಮ. ಇವರು ಯಾಕಾದರೂ ಬಂದರೋ ಅಂತ ಅವರಿಗೆ ಅನಿಸಬಾರದು. ಅವಳು ಮಾಸ್ಕಿನೊಳಗೆ ನಕ್ಕಳು. ತಲೆ ಆಡಿಸಿದಳು. ಸದ್ದು ತಗ್ಗಿತು, ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ಮಾತಾಡಿದ ಹಾಗೆ.

ಹೊಟ್ಟೆಗೆ ಗಾಳಿ ತುಂಬಿದರು. ಕ್ಯಾಮೆರಾ ಒಳಗೆ ಇಳಿಯಿತು. ಗೋಡೆಯ ಪರದೆಯ ಮೇಲೆ ಚಿಕ್ಕಮ್ಮನ ಒಳಗು ತೆರೆದುಕೊಂಡಿತು, ಗುಲಾಬಿ ಬಣ್ಣದ, ಒದ್ದೆಯಾದ, ಯಾವ ಕಥೆಯಲ್ಲೂ ಇಲ್ಲದ ಒಂದು ಗುಹೆ. ಅವಳು ಕಣ್ಣು ತಿರುಗಿಸಿದಳು. ಎಷ್ಟೋ ಹೊಟ್ಟೆಗಳನ್ನು ನೋಡಿದವಳು, ಇದನ್ನು ನೋಡುವುದು ಮಾತ್ರ ಕದ್ದು ನೋಡಿದ ಹಾಗೆ ಅನಿಸಿತು. ಈ ಚೀಲದಲ್ಲಿ ಒಂದು ಮಗು ಇತ್ತು, ನಿಲ್ಲಲಿಲ್ಲ. ಆಮೇಲೆ ಮತ್ತೆ ಬರಲಿಲ್ಲ. ಅದರ ಬಗ್ಗೆ ಚಿಕ್ಕಮ್ಮ ಯಾವತ್ತೂ ಮಾತಾಡಿರಲಿಲ್ಲ. ಮಾತಾಡದೆಯೇ ಅವಳನ್ನು, ಅಕ್ಕನ ಮಗಳನ್ನು, ಇನ್ನೊಂದಿಷ್ಟು ಹತ್ತಿರ ಎಳೆದುಕೊಂಡಿದ್ದಳು. ಪರೀಕ್ಷೆಗೆ ಓದುವ ದಿನಗಳಲ್ಲಿ, ನೀನು ಹೇಗೂ ತೂಕಡಿಸ್ತೀಯ, ಅಂತ ಪುಸ್ತಕ ಕಿತ್ತುಕೊಂಡು ತಾನೇ ಜೋರಾಗಿ ಓದುತ್ತಿದ್ದಳು. ಒಂದಕ್ಷರ ಅರ್ಥವಾಗದೆ, ಔಷಧಗಳ ಹೆಸರುಗಳನ್ನು ಕಡಲೆ ಜಗಿದ ಹಾಗೆ ಜಗಿದು ಜಗಿದು. ಇದೇನೇ ಇದು ಹೆಸರು, ರಾಕ್ಷಸನ ಮಾವನ ಹೆಸರಿದ್ದ ಹಾಗಿದೆಯಲ್ಲ. ಅವಳು ಚಾಪೆಯ ಮೇಲೆ ಬಿದ್ದುಕೊಂಡು, ಹೂಂ, ಮುಂದೆ. ನಿಜಕ್ಕೂ ಕೇಳ್ತಿದೀಯೇನೇ? ಹೂಂ.

ಟೇಬಲನ್ನು ತಲೆ ಕಡೆ ತಗ್ಗಿಸಿದರು, ಕರುಳು ಮೇಲಕ್ಕೆ ಜಾರಿ ಜಾಗ ಬಿಡಲಿ ಅಂತ. ಚಿಕ್ಕಮ್ಮನ ಕಾಲು ಮೇಲೆ, ತಲೆ ಕೆಳಗೆ. ಜಡೆಯ ಒಂದು ಎಳೆ ಟೋಪಿಯಿಂದ ತಪ್ಪಿಸಿಕೊಂಡು ನೇತಾಡುತ್ತಿತ್ತು. ಹಾಗೆ ವಾಲಿದಾಗ ಕೈಯ ಡ್ರಿಪ್ ಎಲ್ಲೋ ಮಡಿಸಿಕೊಂಡಿರಬೇಕು. ಶಿಷ್ಯೆ ಹಸಿರು ಬಟ್ಟೆಯ ಕೆಳಗೆ ಬಗ್ಗಿ ಅದನ್ನು ಬಿಡಿಸತೊಡಗಿದಳು. ಸ್ಟೂಲಿನಿಂದ ಅವಳಿಗೆ ಕಾಣುತ್ತಿದ್ದದ್ದು ಮಾನಿಟರಿನ ಬೆನ್ನು, ಅದರ ವೈರುಗಳ ಜೊಂಪೆ. ಕಿವಿ ಮಾತ್ರ ಅತ್ತ ಇತ್ತು. ಪಕ್ಕದ ಮನೆಯ ಮಾತು. ಹೂಂ, ಹೂಂ, ಹೂಂ. ಎಲ್ಲೋ ಒಂದು ಕಡೆ ಆ ಸ್ವರ ಒಂದು ಮೆಟ್ಟಿಲು ಇಳಿದ ಹಾಗಾಯಿತು.

ಇರಲಾರದು. ಅವಳು ಕತ್ತು ಚಾಚಿದಳು. ಸಕ್ಷನ್ ಯಂತ್ರದ ಗೊರಗೊರ, ಸರ್ಜನ್ ಕೇಳುತ್ತಿದ್ದ ಕತ್ತರಿ, ಎಸಿಯ ಗುಂಯ್ ಅನ್ನುವ ಸದ್ದು. ಇವೆಲ್ಲದರ ಅಡಿಯಲ್ಲಿ ಆ ಸಣ್ಣ ಸ್ವರ ಇತ್ತೋ, ಅವಳ ತಲೆಯಲ್ಲೇ ಇತ್ತೋ. ಗಾಬರಿಯಾದ ನೆಂಟರ ಕಿವಿಗೆ ಏನು ಬೇಕಾದರೂ ಕೇಳಿಸುತ್ತದೆ. ವಾರ್ಡುಗಳಲ್ಲಿ ಎಷ್ಟು ಸಲ ಅಂಥವರನ್ನು ಅವಳೇ ಸಮಾಧಾನ ಮಾಡಿ ಕಳಿಸಿದ್ದಳು, ಏನಿಲ್ಲಮ್ಮ, ಯಂತ್ರ ಹಾಗೇ ಕೂಗೋದು, ನೀವು ಹೊರಗೆ ಕೂತ್ಕೊಳ್ಳಿ. ಈಗ ಎದ್ದು ಹೋಗಿ ಮಾನಿಟರ್ ನೋಡಬಹುದು. ಎದ್ದರೆ ಚಪ್ಪಲಿ ಪಟಪಟ ಅನ್ನುತ್ತದೆ. ಎಲ್ಲರೂ ತಿರುಗುತ್ತಾರೆ. ಗುರುವಿಗೆ ಶಿಷ್ಯೆಯ ಮೇಲೆ ನಂಬಿಕೆ ಇಲ್ಲ ಅಂತಾಗುತ್ತದೆ. ನೋಡಿದರೆ ಎಲ್ಲ ಸರಿ ಇರುತ್ತದೆ, ಆಗ ಮತ್ತೆ ಪಟಪಟ ಅಂತ ವಾಪಸು ಬಂದು ಕೂರಬೇಕು. ಅನುಮಾನ ಬಂದರೆ ಬಾಯಿಬಿಡಿ, ತಪ್ಪಾದರೂ ಪರವಾಗಿಲ್ಲ, ಕಸ ಗುಡಿಸುವವರಾದರೂ ಸರಿ, ಒಳಗೆ ಇರುವ ಯಾರಿಗೂ ನಿಲ್ಲಿಸಿ ಅನ್ನುವ ಹಕ್ಕು ಇದೆ. ಇದು ಅವಳ ಭಾಷಣದ ಕೊನೆಯ ಮಾತು. ಇಲ್ಲಿಗೆ ಬರುವಾಗ ಅನುವಾದಕರು ಕೂಡ ಸ್ವಲ್ಪ ಧ್ವನಿ ಏರಿಸುತ್ತಿದ್ದರು.

"ತಲೆ ಕಡೆ ಎಲ್ಲಾ ಸರೀನಾ?" ಅಂದರು ಸರ್ಜನ್, ಪರದೆಯಿಂದ ಕಣ್ಣು ತೆಗೆಯದೆ.

"ಹೂಂ ಸರ್," ಅಂದಳು ಶಿಷ್ಯೆ ಬಟ್ಟೆಯ ಕೆಳಗಿನಿಂದ, ಡ್ರಿಪ್ಪಿನ ಪೈಪು ಹಲ್ಲಿನಲ್ಲಿ ಕಚ್ಚಿಕೊಂಡ ಹಾಗೆ.

"ನಿಮ್ ಹುಡುಗಿ ಗಟ್ಟಿ ಇದ್ದಾಳೆ ಮೇಡಂ. ಚೆನ್ನಾಗಿ ಕಲಿಸಿದೀರಿ. ಏನಂತೀರಿ?"

"ಹೂಂ," ಅಂದಳು ಅವಳು.

ಅಂದ ಮೇಲೆ ತೊಡೆಯ ಮೇಲೆ ಒಂದು ಜಾಗ ಚುರ್ ಅಂದಿತು. ಇಷ್ಟು ವರ್ಷದ ಆಚೆಯಿಂದ, ಕತ್ತಲೊಳಗಿಂದ ಬಂದ ಎರಡು ಬೆರಳು. ಅರಮನೆಗೆ ಅರಮನೆಯೇ ಕೂತು ಹೂಂ ಅನ್ನುತ್ತಿದೆ. ರಾಜಕುಮಾರಿಯ ಜಡೆಯ ಎಳೆ ಟೋಪಿಯಿಂದ ಹೊರಗೆ ನೇತಾಡುತ್ತಿದೆ. ಎರಡೂ ಕಡೆಯ ಹೂಂ ಒಬ್ಬಳೇ ಹೇಳಿ ಕಥೆ ನಿಲ್ಲದ ಹಾಗೆ ನೋಡಿಕೊಂಡವಳು ಈಗ ಬಾಯಿಗೆ ಟ್ಯೂಬ್ ಹಾಕಿಸಿಕೊಂಡು ಮಲಗಿದ್ದಾಳೆ. ಅವಳ ಬದಲಿಗೆ ಹೇಳಬೇಕಾದವಳು ನಾನು, ಹೇಳಿದ್ದು ಇದು.

"ಸೌಂಡ್ ಜಾಸ್ತಿ ಮಾಡಿ."

ಯಾರಿಗೂ ಕೇಳಲಿಲ್ಲ. ಮಾಸ್ಕಿನ ಬಟ್ಟೆಯನ್ನೂ ದಾಟಿರಲಿಲ್ಲ ಅದು. ಅವಳು ಎದ್ದು ನಿಂತಳು. ಚಪ್ಪಲಿ ಒಂದು ಕಾಲಿನಿಂದ ಕಳಚಿ ಬಿತ್ತು.

"ನಿಲ್ಲಿಸಿ. ಸೌಂಡ್ ಜಾಸ್ತಿ ಮಾಡಿ, ಈಗಲೇ."

"ಏನಾಯ್ತು ಮೇಡಂ?" ಅಂದರು ಸರ್ಜನ್. ಧ್ವನಿಯಲ್ಲಿ ನಗು ಇನ್ನೂ ಆರಿರಲಿಲ್ಲ. "ನೆಂಟರೆಲ್ಲ ಆರ್ಡರ್ ಮಾಡೋಕೆ ಶುರು ಮಾಡಿದ್ರೆ ನಾನು ಮನೆಗೆ ಹೋಗ್ತೀನಿ."

ಶಿಷ್ಯೆ ಬಟ್ಟೆಯ ಕೆಳಗಿನಿಂದ ತಲೆ ಎತ್ತಿ ಗುಂಡಿ ತಿರುಗಿಸಿದಳು. ಸದ್ದು ಕೋಣೆಯೊಳಗೆ ನುಗ್ಗಿ ಬಂತು. ಕೆಳಗಿನ ಸ್ವರ, ದಪ್ಪಗೆ, ಒದ್ದೆಯಾಗಿ, ಬಾವಿಯ ತಳದಲ್ಲಿ ಯಾರೋ ಹೂಂ ಅಂದ ಹಾಗೆ. ಇನ್ನೊಂದು ಬಡಿತಕ್ಕೆ ಇನ್ನೂ ಕೆಳಗೆ. ಸರ್ಜನ್ ಕೈ ಗಾಳಿಯಲ್ಲೇ ನಿಂತಿತು. ನರ್ಸಮ್ಮನ ಕೈಯ ಕತ್ತರಿ ತಟ್ಟೆಗೆ ಬಿತ್ತು. ಆ ಸ್ವರದ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವಳ ಎರಡೂ ಕೈ ಮುಂದೆ ಹೋದವು. ಹುಡುಗಿಯನ್ನು ಪಕ್ಕಕ್ಕೆ ತಳ್ಳಿ ತಲೆಯ ಹತ್ತಿರ ತಾನೇ ನಿಲ್ಲಬೇಕು ಅಂತ ಮೈಯೆಲ್ಲ ಎಳೆಯಿತು. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು, ಒಂದು ಇನ್ನೊಂದನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದುಕೊಂಡಿತು.

"ಎದೆ ಕೇಳು," ಅಂದಳು. "ಎರಡೂ ಕಡೆ."

ಶಿಷ್ಯೆ ಸ್ಟೆತಾಸ್ಕೋಪು ಇಟ್ಟಳು. ಬಲಗಡೆ. ಎಡಗಡೆ. ಮತ್ತೆ ಎಡಗಡೆ. "ಎಡಗಡೆ ಏನೂ ಇಲ್ಲ ಮೇಡಂ," ಅಂದಳು, ಹೇಳುತ್ತಲೇ ತಾನೇ ಅರ್ಥ ಮಾಡಿಕೊಂಡಳು. "ಟ್ಯೂಬ್ ಒಳಗೆ ಹೋಗಿದೆ. ತಲೆ ತಗ್ಗಿಸಿದಾಗ ಜಾರಿದೆ. ಸರ್, ಹೊಟ್ಟೆಯ ಗಾಳಿ ತೆಗೀರಿ, ಟೇಬಲ್ ಸಮ ಮಾಡಿ." ಹೊಟ್ಟೆಯ ಗಾಳಿ ಮತ್ತು ಟೇಬಲಿನ ಇಳಿಜಾರು ಸೇರಿ ಶ್ವಾಸಕೋಶವನ್ನೇ ಟ್ಯೂಬಿನ ಕಡೆಗೆ ತಳ್ಳಿದ್ದವು, ಟ್ಯೂಬಿನ ತುದಿ ಶ್ವಾಸನಾಳದ ಬಲಗಡೆಯ ಕವಲಿನೊಳಗೆ ಹೊಕ್ಕು, ಎಡಗಡೆಯ ಶ್ವಾಸಕೋಶ ಗಾಳಿಯಿಲ್ಲದೆ ಸುಮ್ಮನಾಗಿಬಿಟ್ಟಿತ್ತು. ಹುಡುಗಿ ತುಟಿಯ ಪಟ್ಟಿ ಕಿತ್ತು, ಟ್ಯೂಬನ್ನು ಒಂದಿಷ್ಟು, ಉಗುರಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ, ಹಿಂದಕ್ಕೆ ಎಳೆದಳು. ಉಸಿರು ಕೊಡುವ ಚೀಲ ಒತ್ತಿದಳು. ಎಡಗಡೆ ಕಿವಿ ಇಟ್ಟಳು. ಸ್ವರ ಬಾವಿಯ ತಳದಲ್ಲೇ ಇತ್ತು, ಇತ್ತು, ಆಮೇಲೆ ಒಂದು ಮೆಟ್ಟಿಲು ಹತ್ತಿತು. ಅನುಮಾನಿಸುತ್ತ ಇನ್ನೊಂದು. ಮೇಲೆ ಬರುವುದಕ್ಕೆ ಅದು ತೆಗೆದುಕೊಂಡ ಹೊತ್ತಿನಲ್ಲಿ ಅವಳು ಒಂದು ಕಾಲಿನ ಚಪ್ಪಲಿಯಲ್ಲಿ, ಇನ್ನೊಂದು ಕಾಲು ತಣ್ಣನೆಯ ನೆಲದ ಮೇಲಿಟ್ಟು, ತುಟಿಯೊಳಗೇ ಬಡಿತ ಬಡಿತಕ್ಕೂ ಹೂಂ, ಹೂಂ ಅನ್ನುತ್ತಿದ್ದಳು.

ಆಮೇಲೆ ಆಪರೇಷನ್ ಮುಂದುವರಿಯಿತು, ಟೇಬಲ್ ಅಷ್ಟು ವಾಲಿಸದೆ. ಸದ್ದು ಪೂರ್ತಿ ಇತ್ತು. ಯಾರೂ ಕಮ್ಮಿ ಮಾಡಿ ಅನ್ನಲಿಲ್ಲ. "ಒಳ್ಳೆ ಕಿವಿ ಮೇಡಂ ನಿಮ್ದು," ಅಂದರು ಸರ್ಜನ್ ಒಂದು ಸಲ, ಗಂಭೀರವಾಗಿ. ಆ ಹೊಗಳಿಕೆ ಅವಳಿಗೆ ಬೇರೆ ಯಾರದೋ ಚಪ್ಪಲಿ ಹಾಕಿಕೊಂಡ ಹಾಗಿತ್ತು. ಕಿವಿಗೆ ಮೊದಲೇ ಕೇಳಿಸಿತ್ತು. ಕೇಳಿಸಿದ ಮೇಲೂ ಹೂಂ ಅಂದಿದ್ದು ಬಾಯಿ.

ಶಿಷ್ಯೆ ಹತ್ತಿರ ಬಂದು ನಿಂತಳು. ಮಾಸ್ಕಿನ ಮೇಲೆ ಕಣ್ಣು ಕೆಂಪಾಗಿತ್ತು. "ಸೌಂಡ್ ಕಮ್ಮಿ ಮಾಡ್ಬಾರದಿತ್ತು ನಾನು."

"ನಾನು ನಕ್ಕೆನಲ್ಲ."

"ನಕ್ಕಿದ್ದು ಕಾಣ್ಲಿಲ್ಲ ಮೇಡಂ. ತಲೆ ಆಡಿಸಿದ್ದು ಕಾಣ್ತು."

ಅವಳು ಬಗ್ಗಿ ಕಳಚಿದ್ದ ಚಪ್ಪಲಿ ಹುಡುಕಿದಳು. ಅದು ಟೇಬಲಿನ ಕೆಳಗೆ ಹೋಗಿತ್ತು. ಎಷ್ಟು ಹೊತ್ತು ಆ ಸ್ವರ ಕೆಳಗೆ ಇತ್ತು? ತಾನು ಕತ್ತು ಚಾಚಿ, ನೆಂಟರ ಕಿವಿ, ಗುರುವಿನ ಮರ್ಯಾದೆ, ಅಂತೆಲ್ಲ ಲೆಕ್ಕ ಹಾಕುತ್ತ ಕೂತಿದ್ದಾಗ, ಒಳಗೆ ಕತ್ತಲಲ್ಲಿ ಚಿಕ್ಕಮ್ಮನ ಯಾವ ಯಾವ ದೀಪ ಆರಿತು? ಬಹಳ ಹೊತ್ತೇನಲ್ಲ. ಇಂಥದಕ್ಕೆಲ್ಲ ಏನೂ ಆಗುವುದಿಲ್ಲ, ಅವಳಿಗೆ ಗೊತ್ತು, ಎಷ್ಟೋ ಸಲ ನೋಡಿದ್ದಳು. ಗೊತ್ತಿರುವುದು ಅನ್ನುವುದು ಈಗ ಗೋಡೆಯ ಹಲಗೆಯ ಮೇಲಿನ ಅಕ್ಷರದ ಹಾಗೆ ದೂರದಲ್ಲಿತ್ತು. ಏಳುತ್ತಾಳೆ. ಆದರೆ ಯಾರು ಏಳುತ್ತಾರೆ? ಕೊನೇ ಹೊಲಿಗೆ ಹಾಕಿದರು. ಹಸಿರು ಬಟ್ಟೆ ತೆಗೆದಾಗ ಚಿಕ್ಕಮ್ಮ ಸಣ್ಣವಳಾಗಿ ಕಂಡಳು, ಯಾರೋ ತೊಳೆದು ಮಡಿಸಿಟ್ಟ ಹಾಗೆ.

ಔಷಧ ನಿಲ್ಲಿಸಿದರು. ಉಸಿರು ತಾನೇ ಬಂತು, ಮೊದಲು ಹರಿದು ಹರಿದು, ಆಮೇಲೆ ನೇರವಾಗಿ. ಕೆಮ್ಮಿದಳು. ಶಿಷ್ಯೆ ಟ್ಯೂಬ್ ತೆಗೆದಳು, ಬಾಯಿ ಒರೆಸಿದಳು, ಆಕ್ಸಿಜನ್ ಮಾಸ್ಕ್ ಹಾಕಿದಳು. ಸ್ವರ ಎತ್ತರದಲ್ಲೇ ಇತ್ತು. ಕಣ್ಣು ಮಾತ್ರ ತೆರೆಯಲಿಲ್ಲ. ನರ್ಸಮ್ಮ ಭುಜ ತಟ್ಟಿ ಹೆಸರು ಹಿಡಿದು ಕೂಗುವುದಕ್ಕೆ ಬಾಯಿ ತೆರೆದರು, ಹಾಗೇ ಕೂಗುವುದು ಎಲ್ಲ ಕಡೆಯೂ. ಶಿಷ್ಯೆ ಕೈ ಅಡ್ಡ ಹಿಡಿದಳು.

"ಬೇಡ ಸಿಸ್ಟರ್. ಮೇಡಂ, ನೀವು ಕರೀರಿ. ಮಾತು ಕೊಟ್ಟಿದೀರಂತೆ, ಒಳಗೆ ಬರೋವಾಗ ಅಮ್ಮ ನನಗೂ ತಾಕೀತು ಮಾಡಿದ್ರು."

ಅವಳು ಟೇಬಲಿನ ತಲೆದೆಸೆಗೆ ಬಂದು ನಿಂತಳು. ಇದು ಅವಳ ಜಾಗ, ಎಷ್ಟೋ ವರ್ಷ ನಿಂತ ಜಾಗ. ಮಲಗಿದವರ ಮುಖ ಇಲ್ಲಿಂದ ಯಾವಾಗಲೂ ತಲೆಕೆಳಗಾಗಿ ಕಾಣುತ್ತದೆ. ಹೆಸರು ಹಿಡಿದು ಕರೆಯಬೇಕು. ಚಿಕ್ಕಮ್ಮನ ಹೆಸರು ಅವಳ ಬಾಯಲ್ಲಿ ಯಾವತ್ತೂ ಬಂದಿರಲಿಲ್ಲ.

"ಚಿಕ್ಕಮ್ಮ."

ಏನೂ ಇಲ್ಲ.

"ಚಿಕ್ಕಮ್ಮ, ನಾನು. ಎಲ್ಲ ಮುಗೀತು, ಕಣ್ಣು ಬಿಡು."

ರೆಪ್ಪೆಯ ಕೆಳಗೆ ಕಣ್ಣಿನ ಗುಡ್ಡೆ ಆಚೆ ಈಚೆ ಓಡಾಡಿತು, ಬಾಗಿಲು ಹುಡುಕುವ ಹಾಗೆ. ಆಮೇಲೆ ನಿಂತಿತು. ಸರ್ಜನ್ ಬಾಗಿಲ ಹತ್ತಿರ ಕೈಗವಸು ತೆಗೆಯುತ್ತ ನಿಂತುಬಿಟ್ಟಿದ್ದರು, ಎಲ್ಲರೂ ನೋಡುತ್ತಿದ್ದರು. ನೋಡಿಕೊಳ್ಳಲಿ. ಅವಳು ಮಾಸ್ಕ್ ಗಲ್ಲಕ್ಕೆ ಇಳಿಸಿ, ಚಿಕ್ಕಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಒಬ್ಬಳು ಮುದುಕಿ ಇದ್ದಳಂತೆ."

ಕಾದಳು. ಮಾಸ್ಕಿನೊಳಗೆ ಆವಿ ಕಟ್ಟಿತು, ಕರಗಿತು. ತುಟಿ ಅಲುಗಿತು.

"ಹೂಂ."

ಹಿಂದೆ ಯಾರೋ ಉಸಿರು ಬಿಟ್ಟರು. "ಆಯ್ತಲ್ಲ, ಎದ್ರು," ಅಂದರು ನರ್ಸಮ್ಮ. ಅವಳು ಕೈ ಎತ್ತಿ ಸುಮ್ಮನಿರಿಸಿದಳು. ಈ ಹೂಂ ಯಾವುದು ಅಂತ ಅವಳಿಗೆ ಗೊತ್ತಾಗಲಿಲ್ಲ. ನಿದ್ದೆಯಲ್ಲೂ ಹೂಂ ಅನ್ನುವುದರಲ್ಲಿ ಚಿಕ್ಕಮ್ಮನನ್ನು ಮೀರಿಸಿದವರಿಲ್ಲ.

"ಅವಳು ನಿದ್ದೇನ ಕೊಡದಲ್ಲಿ ತುಂಬ್ಕೊಂಡು ಮನೆಮನೆಗೆ ಹೋಗ್ತಿದ್ದಳಂತೆ."

"ಹೂಂ."

ಅವಳು ಕಣ್ಣು ಮುಚ್ಚಿಕೊಂಡಳು. ಮಾನಿಟರ್ ಎತ್ತರದ ಸ್ವರದಲ್ಲಿ ಹೇಳುತ್ತಲೇ ಇತ್ತು, ಎಲ್ಲ ಸರಿ ಇದೆ, ಎಲ್ಲ ಸರಿ ಇದೆ ಅಂತ. ಅದರ ಮಾತನ್ನೂ ನಂಬುವ ಹಾಗಿರಲಿಲ್ಲ. ಅಜ್ಜಿ ಚಿವುಟುತ್ತಿದ್ದಳು, ಅವಳಿಗೆ ಚಿವುಟುವುದಕ್ಕೆ ಕೈ ಬರಲಿಲ್ಲ. ಕೆನ್ನೆಗೆ ಕೈ ಇಟ್ಟಳು. ಕೆನ್ನೆ ಬೆಚ್ಚಗಿತ್ತು.

"ಆ ಕೊಡ," ಅಂದಳು. "ಆ ಕೊಡಾನ ತಲೆ ಮೇಲೆ ಹೊತ್ಕೊಂಡು, ಒಂದಿನ ಅರಮನೆಗೆ..."

ಚಿಕ್ಕಮ್ಮನ ಹುಬ್ಬು ಗಂಟಿಕ್ಕಿತು. ತುಟಿ ಏನೋ ಒಂದನ್ನು ನೂಕುವ ಹಾಗೆ ಮುಂದೆ ಬಂತು. ಒಣಗಿದ ಗಂಟಲಿನಿಂದ ಮಾತು ಚೂರು ಚೂರಾಗಿ ಹೊರಬಿತ್ತು.

"ಕೊಡ ಅಲ್ಲ ಕಣೇ ತೂಕಡಿಕೆ," ಅಂದಳು. "ಬುಟ್ಟಿ."

"ಹೂಂ," ಅಂದಳು ಅವಳು.